ರೇಣುವಿನ ಗುರುವಾರ

ಜೂನ್ ೯, ಸೋಮವಾರ

ಕಂಪನಿಯ ಡಾಕ್ಟರು ಬರೆಯಲು ಹೇಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ರಕ್ತದೊತ್ತಡ ನೂರ ಅರವತ್ತೆರಡು, ಕೆಳಗಿನದು ನೂರ ಎರಡು. ದಿನಾ ಎಷ್ಟು ತಾಸು ನಿದ್ದೆ ಬಂತು, ಯಾವುದಕ್ಕೆ ಸಿಟ್ಟು ಬಂತು, ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಯಾರಿಗೂ ತೋರಿಸಬೇಕಿಲ್ಲ ಎಂದರು. ಐವತ್ತೆರಡು ವರ್ಷದವನಿಗೆ ಹೋಮ್‌ವರ್ಕ್.

ನಿದ್ದೆ ನಾಲ್ಕು ತಾಸು. ಸಿಟ್ಟು ಬಂದದ್ದು ಹೆಂಡತಿಯ ಮೇಲೆ. ಅದು ಸಿಟ್ಟೋ ಬೇರೇನೋ ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ.

ನಿನ್ನೆ ಭಾನುವಾರ ನಾನೂ ರೇಣುವೂ ತರಕಾರಿಗೆ ಹೋಗಿದ್ದೆವು. ಪುಣೆ ಕ್ಯಾಂಪಿನ ನಮ್ಮ ಮನೆಯಿಂದ ಮಾರ್ಕೆಟ್ಟು ಹತ್ತು ನಿಮಿಷದ ದಾರಿ, ನಡುವೆ ಒಂದು ದೊಡ್ಡ ರಸ್ತೆ ದಾಟಬೇಕು. ಹೋದ ಮಳೆಗಾಲದಲ್ಲಿ ಮಾರ್ಕೆಟ್ಟಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ ಮೇಲೆ ರೇಣು ಒಬ್ಬಳೇ ರಸ್ತೆ ದಾಟಿದವಳಲ್ಲ. ಬಿದ್ದ ದಿನ, ಕಣ್ಣು ಎಲ್ಲಿಟ್ಟುಕೊಂಡು ನಡೆಯುತ್ತೀ ಎಂದು ನಾನು ಸ್ವಲ್ಪ ಬೈದಿದ್ದೆ. ಯಾವ ಗಂಡ ಬೈಯುವುದಿಲ್ಲ? ಆದರೆ ಆಮೇಲೆ ವರ್ಷಪೂರ್ತಿ ನಾನೇ ಕರೆದೊಯ್ದೆ, ನಾನೇ ಕರೆತಂದೆ. ನನ್ನ ಮೊಣಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದಳೆಂದರೆ ಅಂಗಿಯ ಇಸ್ತ್ರಿ ಹೋಗುತ್ತಿತ್ತು.

ನಿನ್ನೆ ಎಂದಿನಂತೆ ಮೊಣಕೈ ಮುಂದೆ ಮಾಡಿ ನಿಂತೆ. ರೇಣು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಒಂದು ರಿಕ್ಷಾ ಹೋಗಲು ಬಿಟ್ಟಳು, ನಡೆದುಕೊಂಡು ಆಚೆ ಹೋಗಿಬಿಟ್ಟಳು. ಆ ಬದಿಯಿಂದ ತಿರುಗಿ 'ಬರ್ರಿ' ಎಂದಳು. ನಾನಿನ್ನೂ ಮೊಣಕೈ ಚಾಚಿಕೊಂಡೇ ನಿಂತಿದ್ದೆ.

ಏಪ್ರಿಲ್‌ನಿಂದ ಅವಳು ಐಕಿಡೊ ಕಲಿಯಲು ಹೋಗುತ್ತಿದ್ದಾಳೆ. ಜಪಾನಿನ ವಿದ್ಯೆಯಂತೆ. ಮೈಮೇಲೆ ಬಂದವನ ಜೋರಿಗೆ ಅಡ್ಡ ನಿಲ್ಲದೆ, ಅದೇ ಜೋರನ್ನು ತಿರುಗಿಸಿ ಅವನನ್ನು ಕೆಡವುತ್ತಾರಂತೆ. ಅವಳ ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಯವಳು ಹೇಳಿದ್ದು: ಅಲ್ಲಿ ಮೊದಲು ಬೀಳುವುದನ್ನು ಕಲಿಸುತ್ತಾರೆ, ನಿಮ್ಮ ಹೆದರಿಕೆ ಹೋಗುತ್ತದೆ. ಎರಡು ವಾರದಲ್ಲಿ ಬಿಡುತ್ತಾಳೆ ಅಂದುಕೊಂಡಿದ್ದೆ.

ಜೂನ್ ೧೫, ಭಾನುವಾರ

ಬೆಳಿಗ್ಗೆ ಅವ್ವ, 'ಏ ರೇಣು, ನೀ ಕಲ್ತಿದ್ದ ಉಳ್ಳಾಟ ಒಮ್ಮೆ ತೋರ್ಸು' ಎಂದಳು. ನನ್ನ ತಾಯಿ ರುದ್ರವ್ವನಿಗೆ ಎಪ್ಪತ್ತೆಂಟು, ಮನೆಯಲ್ಲಿ ಟಿವಿ ಬಿಟ್ಟರೆ ಅವಳಿಗೆ ಸೊಸೆಯೇ ಮನರಂಜನೆ. ರೇಣು ಕೌದಿ ಹಾಸಿದಳು. ಒಂದು ಕಾಲು ಮುಂದಿಟ್ಟಳು, ಗದ್ದ ಎದೆಗೆ ಒತ್ತಿಕೊಂಡಳು, ಭುಜದ ಮೇಲಿಂದ ಉರುಳಿ ಎದ್ದು ನಿಂತಳು. ಸದ್ದೇ ಆಗಲಿಲ್ಲ. ನಲವತ್ತೇಳು ವರ್ಷದ ಹೆಂಗಸು, ಮಣಿಕಟ್ಟಿನೊಳಗೆ ಲೋಹದ ಪಟ್ಟಿ ಇರುವವಳು.

ಅವ್ವ ಚಪ್ಪಾಳೆ ತಟ್ಟಿದಳು. ಆಮೇಲೆ ತನಗೂ ಕಲಿಸು ಎಂದು ಹಟ ಹಿಡಿದಳು. ಉರುಳುವುದಲ್ಲ, ಪೂಜೆಗೆ ಕುಳಿತ ಮೇಲೆ ಮಂಚ ಹಿಡಿಯದೆ ಏಳುವುದು. ರೇಣು ಪಕ್ಕದಲ್ಲಿ ಕುಳಿತು ಮೊಣಕಾಲು ಹೇಗೆ ತಿರುಗಿಸಬೇಕು, ಭಾರ ಎಲ್ಲಿಡಬೇಕು ಎಂದು ತೋರಿಸಿದಳು. ನಾಲ್ಕನೇ ಸಲಕ್ಕೆ ಅವ್ವ ಎದ್ದಳು.

'ಹತ್ತ ವರ್ಷದಿಂದ ಮಂಚಾ ಹಿಡ್ಕೊಂಡ ಏಳ್ತಿದ್ದೆ. ಸೊಸಿ ಕಲಿಸಿದ್ಲು. ಮಗಾ ಏನ್ ಕಲಿಸಿದಿ?'

ನಾಷ್ಟಾ ಮುಗಿಯುವುದರೊಳಗೆ ಅಭಿಲಾಷ ಎಂಬ ಹೆಸರು ಮೂರು ಸಲ ಬಂತು. ಅಭಿಲಾಷ ಹಿಂಗಂದ, ಅಭಿಲಾಷ ಹಂಗ ಬಿದ್ದ.

'ಅಭಿಲಾಷ ಅಂದ್ರ ಯಾರು?'

'ನಮ್ಮ ಕ್ಲಾಸಿಗೆ ಬರ್ತಾನ್ರಿ. ಮೈಸೂರು ಕಡೆ ಹುಡುಗ. ಖರಾಡಿಯೊಳಗ ಐಟಿ ಕೆಲಸ.'

'ಹುಡುಗ ಅಂದ್ರ ಎಷ್ಟ ವಯಸ್ಸು?'

'ನಾ ಏನ್ ಅವನ ಜಾತಕಾ ನೋಡೇನೇನ್ರಿ?'

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನಿದ್ದೆ ಮೂರೂವರೆ ತಾಸು.

ಜೂನ್ ೨೪, ಮಂಗಳವಾರ

ಭೋಸರಿಯ ಫ್ಯಾಕ್ಟರಿಯಿಂದ ಕಂಪನಿ ಬಸ್ಸು ಬೇಗ ಬಂತು. ಮನೆಗೆ ಹೋಗದೆ ನೇರ ಅವಳ ತರಗತಿ ನಡೆಯುವಲ್ಲಿಗೆ ಹೋದೆ. ಹಳೆಯ ಶಾಲೆಯೊಂದರ ಮೊದಲ ಮಹಡಿಯ ಹಾಲ್, ಎದುರಿಗೆ ಬೇಕರಿ. ಬಾಗಿಲ ಗಾಜಿನಿಂದ ನೋಡಿದೆ. ಮ್ಯಾಟಿನ ಮೇಲೆ ಹದಿನೈದು ಜನ, ಬಿಳಿ ಬಟ್ಟೆ. ಎತ್ತರದ ಹುಡುಗನೊಬ್ಬ ರೇಣುವಿನ ಬಲಗೈ ಮಣಿಕಟ್ಟು ಹಿಡಿದು ನಿಂತಿದ್ದ. ಮುರಿದ ಕೈ. ನೋವಾದೀತು ಎಂದು ಒಂದು ವರ್ಷದಿಂದ ನಾನು ಮುಟ್ಟದೆ ಇರುವ ಕೈ.

ರೇಣು ಕೈ ಕಿತ್ತುಕೊಳ್ಳಲಿಲ್ಲ. ಹಿಡಿದವನ ಪಕ್ಕಕ್ಕೆ ಸರಿದು, ಅವನು ನೋಡುತ್ತಿದ್ದ ದಿಕ್ಕಿಗೇ ತಿರುಗಿ ನಿಂತಳು, ಇಬ್ಬರೂ ಒಂದೇ ಕಿಟಕಿಯಿಂದ ಏನನ್ನೋ ನೋಡುವವರ ಹಾಗೆ. ಮರುಕ್ಷಣ ಅವನು ನೆಲಕ್ಕೆ ಉರುಳಿ, ಎದ್ದು, ನಗುತ್ತಿದ್ದ. ಅವಳೂ ನಕ್ಕಳು. ಅಂಥ ನಗು ನಮ್ಮ ಮನೆಯಲ್ಲಿ ಕೊನೆಯ ಸಲ ಯಾವಾಗ ಕೇಳಿದ್ದೆನೋ ನೆನಪಾಗಲಿಲ್ಲ.

ಒಳಗೆ ಹೋಗಲಿಲ್ಲ. ಬೇಕರಿಯಲ್ಲಿ ಚಹಾ ಕುಡಿಯುತ್ತ ನಿಂತೆ. ಕೆಳಗೆ ಬಂದವಳು ನನ್ನನ್ನು ನೋಡಿ, 'ನೀವಿಲ್ಲಿ?' ಎಂದಳು.

'ಬ್ರೆಡ್ ತಗೊಳ್ಳಿಕ್ಕೆ ಬಂದಿದ್ದೆ.'

'ಬ್ರೆಡ್ ಎಲ್ಲದ?'

ಬ್ರೆಡ್ಡು ತೆಗೆದುಕೊಂಡಿರಲಿಲ್ಲ.

ಜುಲೈ ೧, ಮಂಗಳವಾರ

ನಾನೂ ಸೇರುತ್ತೇನೆ ಎಂದು ಹೇಳಿಬಿಟ್ಟೆ. ಕಾರಣ ರಕ್ತದೊತ್ತಡ ಎಂದೆ. ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯುತ್ತೇನೆ: ಆ ಹುಡುಗನ ಎದುರಿಗೆ ನಾನು ಕಣ್ಣಿಗೆ ಬೀಳುತ್ತಿರಬೇಕು.

ರೇಣು ಹೂರಣ ರುಬ್ಬುತ್ತಿದ್ದವಳು ನಿಲ್ಲಿಸಿದಳು. ಬೇಡ ಅನ್ನುತ್ತಾಳೆ ಅಂದುಕೊಂಡೆ. 'ಬರ್ರಿ,' ಎಂದಳು. 'ಆದ್ರ ಅಲ್ಲಿ ಎಲ್ಲಾರ ಮುಂದ ನನಗ ಬೈಬ್ಯಾಡ್ರಿ.'

ನಾನು ಯಾವಾಗ ಎಲ್ಲರ ಮುಂದೆ ಬೈದಿದ್ದೇನೆ?

ಜುಲೈ ೫, ಶನಿವಾರ

ಮೊದಲ ತರಗತಿ. ಕಲಿಸುವವರು ಪಾಟಣಕರ್ ಬಾಯಿ (ಇಲ್ಲಿ ಟೀಚರಮ್ಮನಿಗೆ ಬಾಯಿ ಎನ್ನುತ್ತಾರೆ), ಅರವತ್ತು ದಾಟಿದ ಸಣ್ಣ ಮೈಯ ಹೆಂಗಸು, ಶಾಲೆಯಲ್ಲಿ ಆಟದ ಟೀಚರ್ ಆಗಿ ನಿವೃತ್ತರಾದವರು. ಯಾರನ್ನು ಹೇಗೆ ಕೆಡವುವುದು ಎಂದು ಕೇಳಿದೆ. ಅವರು ನನ್ನ ಹೊಟ್ಟೆ ನೋಡಿ, 'ಆಧೀ ಪಡಾಯಲಾ ಶಿಕಾ' ಎಂದರು. ಮೊದಲು ಬೀಳುವುದನ್ನು ಕಲಿಯಿರಿ.

ಎಂಬತ್ತೆಂಟು ಕಿಲೋ ಹಿಂದಕ್ಕೆ ಉರುಳಿ ಅರ್ಧದಲ್ಲಿ ನಿಂತುಹೋಯಿತು. ಅಂಗಾತ ಬಿದ್ದ ಆಮೆಯ ಹಾಗೆ ಕೈಕಾಲು ಮೇಲೆ. ಎತ್ತಲು ಬಂದವನು ಬೇರೆ ಯಾರೂ ಅಲ್ಲ, ಅಭಿಲಾಷ.

'ಅಂಕಲ್, ಚಿನ್ ಒಳಗಿಡಿ. ಉಸಿರು ಹಿಡೀಬೇಡಿ, ಬಿಡಿ. ಸ್ಲೋ ಆಗಿ ಮಾಡಿ, ಏನೂ ಆಗಲ್ಲ.'

ನಾನು ಅಂಕಲ್, ಅವಳು ರೇಣು ಮೇಡಂ. ಅವನ ಹೆಂಡತಿ ಸಿಂಧೂರಳೂ ಅಲ್ಲೇ ಇದ್ದಳು, ಮೂರು ವರ್ಷದಿಂದ ಕಲಿಯುತ್ತಿದ್ದಾಳಂತೆ, ಅವನನ್ನು ಕರೆತಂದವಳೇ ಅವಳು. ಹೆಂಡತಿ ಇದ್ದಾಳೆ ಎಂದು ತಿಳಿದರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ರೇಣು ಹಾಲಿನ ಆ ತುದಿಯಲ್ಲಿದ್ದಳು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ಜುಲೈ ೮, ಮಂಗಳವಾರ

ಮೈಯಲ್ಲಿ ನೋವಿಲ್ಲದ ಜಾಗವಿಲ್ಲ. ಒಂಬತ್ತಕ್ಕೆ ಮಲಗಿದವನು ಆರಕ್ಕೆ ಎದ್ದೆ.

ಜುಲೈ ೧೯, ಶನಿವಾರ

ಇವತ್ತು ಬಾಯಿ ನನ್ನನ್ನು ಅಭಿಲಾಷನ ಜೊತೆ ಹಾಕಿದರು. ಅವನ ಮಣಿಕಟ್ಟು ನಾನು ಹಿಡಿಯಬೇಕು, ಅವನು ತಿರುಗಬೇಕು. ಇಪ್ಪತ್ತೆಂಟು ವರ್ಷ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಸ್ಪ್ಯಾನರ್ ತಿರುಗಿಸಿದ ಕೈ ನನ್ನದು. ತಿರುಗು ನೋಡೋಣ ಎಂದು ಮೂಳೆ ಸಿಗುವವರೆಗೆ ಹಿಡಿದೆ. ಹುಡುಗನ ಮುಖ ಬಿಳುಪಾಯಿತು. ಅದನ್ನು ನೋಡಿ ಖುಷಿಯಾಯಿತು ಎಂದೂ ಬರೆದಿಡುತ್ತೇನೆ.

ಅವನು ಎಳೆಯಲಿಲ್ಲ, ತಳ್ಳಲಿಲ್ಲ. ಒಂದು ಉಸಿರು ಬಿಟ್ಟ. ಆಮೇಲೆ ನನ್ನ ಪಕ್ಕದಲ್ಲಿದ್ದ. ಆಮೇಲೆ ನಾನು ಮ್ಯಾಟಿನ ಮೇಲಿದ್ದೆ. ನಡುವೆ ಏನಾಯಿತು ಎಂದು ಕೇಳಿದರೆ ಹೇಳಲಾರೆ. ಬಿದ್ದದ್ದಕ್ಕೆ ನೋವೂ ಆಗಲಿಲ್ಲ, ಗದ್ದ ತಾನಾಗಿ ಒಳಗೆ ಹೋಗಿತ್ತು.

ಬಾಯಿ ಬಗ್ಗಿ, ಅಷ್ಟು ಗಟ್ಟಿಯಾಗಿ ಹಿಡಿದರೆ ಬಿಡಲು ಪುರಸೊತ್ತು ಸಿಗುವುದಿಲ್ಲ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ದಾರಿಯಲ್ಲಿ ರೇಣು, 'ಅವನ ಕೈ ಕೆಂಪಾಗಿತ್ತು' ಎಂದಳು. ಅಷ್ಟೇ. ಅವನ ಕೈ ಕೆಂಪಾದದ್ದು ಅವಳಿಗೆ ಕಂಡಿದೆ. ನಾನು ಬಿದ್ದದ್ದು ಕಂಡಿತೋ ಇಲ್ಲವೋ.

ಆಗಸ್ಟ್ ೧, ಶುಕ್ರವಾರ

ಶಾಪಿನಲ್ಲಿ ಇವತ್ತು ಮಾಂತು ಡೈ, ಅಂದರೆ ಪ್ರೆಸ್ಸಿನ ಅಚ್ಚು, ತಪ್ಪು ಕೂರಿಸಿದ. ಮುನ್ನೂರು ವಾಷರ್ ಗುಜರಿಗೆ. ಮಾಂತು ನಮ್ಮ ವಿಜಯಪುರದ ಕಡೆಯವನು, ನನ್ನ ಕೈಕೆಳಗೆ ಹದಿನಾರು ವರ್ಷದಿಂದ ಪ್ರೆಸ್ ನಡೆಸುತ್ತಿದ್ದಾನೆ, ಬೈಗುಳಕ್ಕೆ ಒಗ್ಗಿದವನು. ನಾನು ಬರುವುದು ನೋಡಿಯೇ ತಲೆ ತಗ್ಗಿಸಿದ. ಯಾವಾಗಲೂ ಅವನ ಎದುರಿಗೆ ನಿಲ್ಲುತ್ತೇನೆ. ಇವತ್ತು ಯಾಕೋ ಅವನ ಪಕ್ಕಕ್ಕೆ ಹೋಗಿ ನಿಂತು, ಅವನು ನಿಂತ ಜಾಗದಿಂದ ಡೈ ನೋಡಿದೆ. ಮೇಲಿನ ದೀಪ ಸತ್ತಿತ್ತು. ಅವನ ನೆರಳು ಅಳತೆಪಟ್ಟಿಯ ಮೇಲೇ ಬೀಳುತ್ತಿತ್ತು.

'ಎರಡ ದಿನದಿಂದ ಹೇಳ್ಲಿಕತ್ತೇನ್ರಿ ಸಾಹೇಬ್ರ. ಯಾರೂ ಕೇಳ್ವಲ್ರು.'

ಎಲೆಕ್ಟ್ರಿಷಿಯನ್‌ನನ್ನು ಕರೆಸಿ ದೀಪ ಹಾಕಿಸಿದೆ. ಬೈಯುವುದು ಮರೆತೇಹೋಯಿತು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಬರೆಯಬೇಕಾದದ್ದು ಇದು: ಒಂದು ತಿಂಗಳಾಯಿತು, ತರಗತಿಯಲ್ಲಿ ರೇಣು ಒಮ್ಮೆಯೂ ನನ್ನ ಜೊತೆ ಅಭ್ಯಾಸಕ್ಕೆ ನಿಂತಿಲ್ಲ. ಅಭಿಲಾಷನ ಜೊತೆ ಆರು ಸಲ. ಎಣಿಸಿದ್ದೇನೆ.

ಡಾಕ್ಟರಲ್ಲಿಗೆ ಹೋಗಿದ್ದೆ. ನೂರ ನಲವತ್ತು, ತೊಂಬತ್ತು. ಅವರ ಯಂತ್ರ ಸರಿ ಇದೆಯೋ ಇಲ್ಲವೋ.

ಆಗಸ್ಟ್ ೯, ಶನಿವಾರ

ತರಗತಿ ಮುಗಿಯುವ ಹೊತ್ತಿಗೆ ಮಳೆ. ಹೆಂಗಸರು ಇನ್ನೂ ಮೇಲೆ ಬಟ್ಟೆ ಬದಲಿಸುತ್ತಿದ್ದರು. ನಾನೂ ಅಭಿಲಾಷನೂ ಮೆಟ್ಟಿಲ ಕೆಳಗೆ ನಿಂತೆವು. ಮಾತಾಡದೆ ನಿಲ್ಲುವ ವಿಚಾರ ನನ್ನದು. ಅವನೇ ಶುರು ಮಾಡಿದ.

'ಅಂಕಲ್, ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು.'

'ನನಗ್ಯಾಕ?'

'ರೇಣು ಮೇಡಂ ಬಗ್ಗೆ. ನನಗೆ ಲಾಸ್ಟ್ ಇಯರ್ ಪ್ಯಾನಿಕ್ ಅಟ್ಯಾಕ್ ಬರ್ತಿತ್ತು. ಆಫೀಸು ಹನ್ನೊಂದನೇ ಫ್ಲೋರು. ಲಿಫ್ಟ್ ಬಾಗಿಲು ಮುಚ್ಚಿದ ತಕ್ಷಣ ಉಸಿರು ಕಟ್ಟಿ, ಸತ್ತೇ ಹೋಗ್ತೀನಿ ಅನ್ಸೋದು. ಸಿಂಧೂ ಬಲವಂತ ಮಾಡಿ ಇಲ್ಲಿಗೆ ಕರ್ಕೊಂಡು ಬಂದ್ಳು. ಮೊದಲನೇ ದಿನ ಯಾರೋ ನನ್ನ ಎರಡೂ ಕೈ ಹಿಡಿದ್ರು. ಅಷ್ಟೇ. ಮೂಲೆಗೆ ಹೋಗಿ ಕೂತು ನಡುಗ್ತಿದ್ದೆ. ಮೇಡಂಗೂ ಅವತ್ತೇ ಮೊದಲನೇ ದಿನ. ಪಕ್ಕದಲ್ಲಿ ಬಂದು ಕೂತ್ರು. ಊಟ ಮಾಡೀರೇನು ಅಂದ್ರು ಅಂಕಲ್. ನಾನು ಅಲ್ಲಿ ಸಾಯ್ತಿದೀನಿ, ಅವರು ಊಟ ಕೇಳ್ತಿದಾರೆ. ನಗು ಬಂದ್ಬಿಡ್ತು.'

'ಈಗ?'

'ಈಗ ಲಿಫ್ಟಲ್ಲೇ ಹೋಗ್ತೀನಿ. ಹೆದರಿಕೆ ಬಂದ್ರೆ ಅದನ್ನ ತಡೆಯಲ್ಲ, ಉಸಿರು ಬಿಟ್ಕೊಂಡು ಅದರ ಪಕ್ಕದಲ್ಲಿ ನಿಲ್ತೀನಿ. ಅವತ್ತು ಮೇಡಂ ತಮ್ಮ ಹೆದರಿಕೆನೂ ಹೇಳಿದ್ರು. ಮಾರ್ಕೆಟ್‌ನಲ್ಲಿ ಬಿದ್ದಾಗ ಕೈ ಮುರಿದಿದ್ದು ಅಷ್ಟು ನೋವಾಗ್ಲಿಲ್ಲ, ಅಷ್ಟು ಜನರ ಮುಂದೆ ನಿಂತ್ಕೊಂಡು...'

ಅವನು ನಿಲ್ಲಿಸಿದ. ಯಾರ ಜೊತೆ ಮಾತಾಡುತ್ತಿದ್ದೇನೆ ಎಂದು ಆಗ ನೆನಪಾಗಿರಬೇಕು.

'ಸಾರಿ ಅಂಕಲ್.'

ಮಳೆ ಜೋರಾಗಿಯೇ ಇತ್ತು.

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತಮೂರು ವರ್ಷ ಸಂಸಾರ ಮಾಡಿದವನಿಗೆ ಹೇಳದ ಮಾತನ್ನು, ಹೆಸರೂ ಗೊತ್ತಿಲ್ಲದ ಒಬ್ಬನಿಗೆ ಮೊದಲ ದಿನವೇ ಹೇಳಿದ್ದಾಳೆ. ಅವನ ಕೈ ಹಿಡಿದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ಮೂಲೆಯಲ್ಲಿ ಅವಳ ಪಕ್ಕ ನಾನು ಕುಳಿತಿರಬೇಕಿತ್ತು.

ಆಗಸ್ಟ್ ೨೩, ಶನಿವಾರ

ರೇಣುವಿಗೆ ಮೂರು ದಿನದಿಂದ ಜ್ವರ. ನಾನೊಬ್ಬನೇ ತರಗತಿಗೆ ಹೋದೆ. ಅವಳಿಲ್ಲದಿದ್ದರೆ ನಾನು ಕಾವಲು ಕಾಯುವುದು ಯಾರನ್ನು? ಆದರೂ ಹೋದೆ, ಯಾಕೆ ಹೋದೆನೋ. ಮುಂದಕ್ಕೆ ಉರುಳುವುದು ಮೊದಲ ಸಲ ಸರಿಯಾಗಿ ಬಂತು.

ಮೆಟ್ಟಿಲಲ್ಲಿ ಬಾಯಿ ನನ್ನನ್ನು ನಿಲ್ಲಿಸಿದರು. ಗಣಪತಿ ಹಬ್ಬ ಮುಗಿದ ಮೇಲೆ ಗುರುವಾರ ಸಂಜೆ ಒಂದು ಹೊಸ ತರಗತಿ ಶುರು ಮಾಡುತ್ತಾರಂತೆ. ನಲವತ್ತು ದಾಟಿದ ಹೆಂಗಸರಿಗೆ, ಬೀಳುವುದನ್ನು ಮಾತ್ರ ಕಲಿಸುವುದು. ಅದಕ್ಕೆ ತಮ್ಮ ಜೊತೆ ರೇಣು ನಿಲ್ಲಬೇಕು. ಅವಳಿಗಿಂತ ಚೆನ್ನಾಗಿ ಬಲ್ಲವರಿದ್ದಾರೆ, ಆದರೆ ಹೆದರಿದವರ ಜೊತೆ ನಿಲ್ಲಲು ಒಮ್ಮೆ ಹೆದರಿದ್ದವರೇ ಬೇಕು ಎಂದರು. 'ಮಂಗಳವಾರದೊಳಗೆ ಹೇಳಲು ತಿಳಿಸಿ. ಪಾಪ, ಜ್ವರದಲ್ಲಿ ಫೋನ್ ಮಾಡಿ ತೊಂದರೆ ಕೊಡುವುದಿಲ್ಲ. ಉತ್ತರ ಬಾರದಿದ್ದರೆ ಆಗುವುದಿಲ್ಲ ಅಂದುಕೊಳ್ಳುತ್ತೇನೆ.'

ತಿಳಿಸುತ್ತೇನೆ ಎಂದೆ.

ಮನೆಗೆ ಬಂದಾಗ ರೇಣು ಗಂಜಿ ಕುಡಿಯುತ್ತಿದ್ದಳು. 'ಇವತ್ತ ಏನ್ ಕಲಿಸಿದ್ರು?' ಎಂದಳು. ಉರುಳಿದ್ದು ಹೇಳಿದೆ. ಗುರುವಾರದ್ದು ಹೇಳಲಿಲ್ಲ. ನಾಳೆ ಹೇಳಿದರಾಯಿತು, ಜ್ವರ ಇದೆ.

ಆಗಸ್ಟ್ ೨೬, ಮಂಗಳವಾರ

ಜ್ವರ ಇಳಿದಿದೆ, ಸುಸ್ತು ಇದೆ, ಇಬ್ಬರೂ ತರಗತಿಗೆ ಹೋಗಲಿಲ್ಲ. ಹೇಳಲಿಲ್ಲ.

ಯೋಚನೆ ಮಾಡಿದೆ. ಮಂಗಳವಾರ, ಶನಿವಾರ ಈಗಾಗಲೇ ಹೋಗಿವೆ. ಗುರುವಾರವೂ ಹೋದರೆ ಮನೆಗೆ ಏನು ಉಳಿಯಿತು? ನಾಳೆ ಯಾರೋ ನಾಲ್ಕು ಜನ ಅವಳನ್ನು ಬಾಯಿ ಎಂದು ಕರೆಯುತ್ತಾರೆ. ನಾನು ಹಿಂದಕ್ಕೆ ಉರುಳುವುದನ್ನು ಕಲಿಯುತ್ತಿರುತ್ತೇನೆ.

ನಾನು ಇಲ್ಲ ಎಂದು ಹೇಳಿಲ್ಲ. ಏನೂ ಹೇಳಿಲ್ಲ. ಎರಡಕ್ಕೂ ವ್ಯತ್ಯಾಸವಿದೆ.

ಸೆಪ್ಟೆಂಬರ್ ೩, ಬುಧವಾರ

ಹಬ್ಬದ ರಜೆ, ಹೋದ ವಾರದಿಂದ ತರಗತಿ ಇಲ್ಲ. ಬೀದಿಯಲ್ಲಿ ಢೋಲು. ರೇಣು ಮೋದಕ ಮಾಡಿ ಮೊದಲನೆಯದನ್ನು ನನ್ನ ತಾಟಿಗೆ ಹಾಕಿದಳು. ಅರ್ಧ ತಿಂದು ಬಿಟ್ಟೆ.

ಸೆಪ್ಟೆಂಬರ್ ೯, ಮಂಗಳವಾರ

ತಿಳಿದುಹೋಯಿತು.

ತರಗತಿ ಶುರುವಾಗುವ ಮೊದಲು ಬಾಯಿ ರೇಣುವಿನ ಹತ್ತಿರ ಬಂದು, ನಿನಗೆ ಆಗುವುದಿಲ್ಲ ಅಂತಾಯಿತಲ್ಲ, ಸಿಂಧೂರಳನ್ನು ಒಪ್ಪಿಸಿದ್ದೇನೆ, ನಾಡಿದ್ದು ಗುರುವಾರದಿಂದ ಶುರು ಎಂದರು. ರೇಣುವಿಗೆ ಅರ್ಥವಾಗಲಿಲ್ಲ. ಬಾಯಿ ಎಲ್ಲ ಹೇಳಿ, 'ನಿನ್ನ ಮಿಸ್ಟರ್ ಹತ್ತಿರ ಹೇಳಿ ಕಳಿಸಿದ್ದೆ' ಎಂದರು.

ರೇಣು ನನ್ನ ಕಡೆ ನೋಡಿದಳು. ಹೆಚ್ಚು ಹೊತ್ತಲ್ಲ. ಆಮೇಲೆ ಬಾಯಿಯ ಕಡೆ ತಿರುಗಿ ಮರಾಠಿಯಲ್ಲಿ, ಹೌದು, ಹೇಳಿದ್ದರು, ಮನೆಯಲ್ಲಿ ಸ್ವಲ್ಪ ಅಡಚಣೆ ಇತ್ತು, ತಿಳಿಸಲು ಮರೆತೆ, ಕ್ಷಮಿಸಿ ಎಂದಳು.

ನನ್ನ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡಳು. ಇವತ್ತು ಯಾರು ನನ್ನನ್ನು ಹೇಗೆ ಕೆಡವಿದರೋ ನೆನಪಿಲ್ಲ.

ಸೆಪ್ಟೆಂಬರ್ ೧೦, ಬುಧವಾರ

ಮಾತಿಲ್ಲ. ಡಬ್ಬಿ ಕಟ್ಟಿಟ್ಟಿದ್ದಳು.

ಸೆಪ್ಟೆಂಬರ್ ೧೧, ಗುರುವಾರ

ಮಾತಿಲ್ಲ. ಸಂಜೆ ಆರೂವರೆಗೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

ಅವ್ವ ನನ್ನನ್ನು ಕರೆದು, 'ಏನ್ ಮಾಡೀದಿ?' ಎಂದಳು. ಏನಿಲ್ಲ ಎಂದೆ. 'ಏನಿಲ್ಲ ಅಂದ್ರ ಭಾಳ ಆಗೇದ' ಎಂದಳು.

ಸೆಪ್ಟೆಂಬರ್ ೧೩, ಶನಿವಾರ

ಮೂರು ದಿನ ವಿಚಾರ ಮಾಡಿ ಒಂದು ನಿರ್ಧಾರಕ್ಕೆ ಬಂದಿದ್ದೆ. ತರಗತಿಯ ಕೊನೆಯಲ್ಲಿ ಎಲ್ಲರೂ ಸಾಲಾಗಿ ಮಂಡಿಯೂರಿ ಬಾಗಿ ನಮಸ್ಕಾರ ಮಾಡುತ್ತೇವೆ. ನಮಸ್ಕಾರ ಆದ ಮೇಲೆ ನಾನು ಎದ್ದು ನಿಂತು ಹೇಳಿಬಿಟ್ಟೆ. ಬಾಯಿ ಹೇಳಿದ್ದನ್ನು ನಾನು ರೇಣುವಿಗೆ ಹೇಳಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ತಪ್ಪು ನನ್ನದು, ಗುರುವಾರ ಅವಳಿಗೆ ಕೊಡಿ. ನನ್ನ ಮರಾಠಿ ತಡವರಿಸಿತು. ಅಭಿಲಾಷ ನೆಲ ನೋಡುತ್ತಿದ್ದ.

ಬಾಯಿ, 'ಮಲಾ ನಕಾ ಸಾಂಗೂ, ತಿಲಾ ಸಾಂಗಾ' ಎಂದರು. ನನಗೆ ಹೇಳಬೇಡಿ, ಅವಳಿಗೆ ಹೇಳಿ. ಸಿಂಧೂರಳಿಗೆ ಮಾತು ಕೊಟ್ಟಾಗಿದೆ, ಒಂದು ತರಗತಿ ನಡೆದೂ ಆಗಿದೆ, ಈಗ ಬದಲಿಸುವುದಿಲ್ಲ.

ಇಷ್ಟು ಮಾಡಿದ ಮೇಲೆ ರೇಣುವಿನ ಮನಸ್ಸು ಕರಗುತ್ತದೆ ಅಂದುಕೊಂಡಿದ್ದೆ. ಬೇಕರಿಯ ಮುಂದೆ ಬಂದಾಗ ಅವಳು ನಿಂತಳು. ನಾಲ್ಕು ದಿನದ ಮೇಲೆ ಮೊದಲ ಮಾತು.

'ನಾ ಮುಚ್ಚಿದ್ದೆ. ನೀವು ಎಲ್ಲಾರ ಮುಂದ ತೆಗದ್ರಿ.'

'ತಪ್ಪು ಒಪ್ಪಿಕೊಂಡೆನಲ್ಲ.'

'ಬೈಯೋದೂ ಎಲ್ಲಾರ ಮುಂದ, ತಪ್ಪು ಒಪ್ಪೋದೂ ಎಲ್ಲಾರ ಮುಂದ. ನನಗೊಬ್ಬಾಕಿಗೆ ಯಾವಾಗ ಹೇಳ್ತೀರಿ?'

ಅವಳು ಮುಂದೆ ನಡೆದಳು. ನಾನು ಹತ್ತು ಹೆಜ್ಜೆ ಹಿಂದೆ.

ಸೆಪ್ಟೆಂಬರ್ ೧೪, ಭಾನುವಾರ

ಬೆಳಿಗ್ಗೆ ಅವ್ವ ಪೂಜೆಗೆ ಕುಳಿತಾಗ ಅಡುಗೆಮನೆಗೆ ಹೋದೆ. ರೇಣು ಚಹಾ ಸೋಸುತ್ತಿದ್ದಳು. ಎದುರಿಗೆ ನಿಂತರೆ ಮಾತು ಹೊರಡಲಿಲ್ಲ. ಪಕ್ಕಕ್ಕೆ ಹೋಗಿ ಕಟ್ಟೆಗೆ ಒರಗಿ ನಿಂತೆ. ಇಬ್ಬರೂ ಕಿಟಕಿಯಾಚೆಯ ನೀರಿನ ಟ್ಯಾಂಕು ನೋಡುತ್ತಿದ್ದೆವು.

'ಅವತ್ತ ನೀ ಬಿದ್ದಾಗ ನಿನ್ನ ಕೈ ಎಲುಬು ತೊಗಲಿನ ಒಳಗ ಸೊಟ್ಟ ಆಗಿದ್ದು ಕಂಡಿತ್ತು. ನಾ ಹೆದರಿದ್ದೆ. ಹೆದರಿಕಿ ಬಾಯಿಗೆ ಬರೂದ್ರಾಗ ಬೈಗಳಾಗಿ ಬಂತು.'

'ಗೊತ್ತದ,' ಎಂದಳು. 'ಗೊತ್ತಿದ್ರೂ ನೋವಾತು. ಬಾಳೇಹಣ್ಣು ಮಾರೋ ಹೆಣ್ಮಗಳು ನನ್ನ ಎಬ್ಬಸಿದ್ಲು. ನೀವು ನಿಂತ ಬೈಲಿಕತ್ತಿದ್ರಿ.'

ಬಾಳೆಹಣ್ಣಿನವಳು ನನಗೆ ನೆನಪೇ ಇರಲಿಲ್ಲ.

'ಗುರುವಾರದ್ದು?'

ಅದಕ್ಕೂ ಹೇಳಿದೆ. ಹೊಟ್ಟೆ ಉರಿಯಿತು ಎಂದೆ. ಯಾರ ಮೇಲೆ ಎಂದಳು. ಮೊದಲು ಅಭಿಲಾಷನ ಮೇಲೆ, ಆಮೇಲೆ ನಿನ್ನ ಮೇಲೆ ಎಂದೆ. ಅಭಿಲಾಷನ ಹೆಸರಿಗೆ ಅವಳ ಹುಬ್ಬು ಮೇಲೆ ಹೋಯಿತು, ನಗು ಬರುವ ಹಾಗಾಯಿತು, ಆದರೆ ನಗಲಿಲ್ಲ.

'ನಾ ಹೋಗೂದು ಬ್ಯಾಡ ಅನಸಿದ್ರ ಬ್ಯಾಡ ಅನ್ರಿ. ಜಗಳಾ ಮಾಡೋಣು. ನನ್ನ ಪರವಾಗಿ ನೀವಽ ಇಲ್ಲಾ ಅನಬ್ಯಾಡ್ರಿ.'

ಚಹಾ ಆರಿತ್ತು. ಇಬ್ಬರೂ ಆರಿದ್ದನ್ನೇ ಕುಡಿದೆವು.

ಸೆಪ್ಟೆಂಬರ್ ೨೭, ಶನಿವಾರ

ಇವತ್ತು ಜೊತೆ ಆರಿಸಿಕೊಳ್ಳಿ ಎಂದಾಗ ರೇಣು ನನ್ನ ಮುಂದೆ ಬಂದು ನಿಂತಳು. ಬಲಗೈ ಮುಂದೆ ಮಾಡಿದಳು. ಹಿಡಿದೆ. ಚರ್ಮದ ಕೆಳಗೆ ಲೋಹದ ಅಂಚು ಬೆರಳಿಗೆ ಸಿಕ್ಕಿತು.

'ಸರಿಯಾಗಿ ಹಿಡೀರಿ,' ಎಂದಳು. 'ಸುಮ್ನ ಹಿಡದ್ರ ನಾ ಏನ್ ಕಲೀಲಿ?'

ಹನ್ನೊಂದು ಸಲ ಬಿದ್ದೆ. ಮೂರು ಸಲ ಅವಳು ಬಿದ್ದಳು. ಅವಳು ನನಗಿಂತ ಎಷ್ಟು ಮುಂದಿದ್ದಾಳೆ ಎಂದು ಇಷ್ಟು ಹತ್ತಿರದಿಂದ ನೋಡಿದ್ದು ಇವತ್ತೇ. ಉರಿಯಿತು. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿ ಹತ್ತುವಾಗಲೂ ಅದನ್ನೇ ಯೋಚಿಸುತ್ತಿದ್ದೆ, ಮನೆ ಬಂದದ್ದೇ ಗೊತ್ತಾಗಲಿಲ್ಲ.

ನಿದ್ದೆಯ ಲೆಕ್ಕ ಬರೆಯದೆ ಎಷ್ಟೋ ದಿನವಾಯಿತು.

ಅಕ್ಟೋಬರ್ ೧೨, ಭಾನುವಾರ

ರೇಣು ಜೋಳದ ಹಿಟ್ಟು ನಾದುತ್ತಿದ್ದಳು. ಅವಳ ಫೋನು ರಿಂಗಾಯಿತು. ಅಭಿಲಾಷನ ಹೆಸರು. 'ಯಾರಂತ ನೋಡ್ರಿ' ಎಂದಳು. ಎತ್ತಿ ಹಲೋ ಎಂದೆ.

'ಅಂಕಲ್, ಗುರುವಾರದ ಬ್ಯಾಚ್ ವಿಷ್ಯ. ಸಿಂಧೂ ತುಂಬಾ ಅಪ್‌ಸೆಟ್ ಆಗಿದಾಳೆ. ಒಂದು ತಿಂಗಳಾಯ್ತು, ಒಂಬತ್ತು ಜನ ಆಂಟೀಸ್ ಬರ್ತಾರೆ, ಒಬ್ರೂ ಬೀಳ್ತಾ ಇಲ್ಲ. ಅನ್ನಪೂರ್ಣಮ್ಮ ಅಂತ ಒಬ್ರು, ಧಾರವಾಡದ ಕಡೆಯವರು, ಮ್ಯಾಟ್ ಮೇಲೇ ಬರಲ್ಲ, ಕುರ್ಚಿಲಿ ಕೂತು ನೋಡಿ ಹೋಗ್ತಾರೆ. ನಿಂಗೆ ಇಪ್ಪತ್ತೊಂಬತ್ತು, ನೀ ಬಿದ್ರೆ ಏಳ್ತೀ ಅಂತಾರಂತೆ ಸಿಂಧೂಗೆ. ಮೇಡಂ ಬರಬಹುದಾ ಅಂತ ಪಾಟಣಕರ್ ಮ್ಯಾಮೇ ಕೇಳೋಕೆ ಹೇಳಿದ್ರು. ಅವರು ಬ್ಯುಸಿ ಇದ್ರೆ ನೀವೇ ಹೇಳಿ ಅಂಕಲ್, ಬರ್ತಾರಾ ಇಲ್ವಾ?'

'ಆಕಿಗೇ ಕೇಳ್ರಿ,' ಎಂದೆ.

ಅವಳ ಎರಡೂ ಕೈ ಹಿಟ್ಟಿನಲ್ಲಿದ್ದವು. ಫೋನನ್ನು ಅವಳ ಕಿವಿಗೆ ಹಿಡಿದೆ. ಅವಳು ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಂಡಳು. ಅವನ ಧ್ವನಿ ಗೊಣಗೊಣ ಎಂದು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅವಳು ಅನ್ನಪೂರ್ಣಮ್ಮನ ವಯಸ್ಸು ಕೇಳಿದಳು, ಮೊಣಕಾಲು ನೋವಿದೆಯೇ ಎಂದು ಕೇಳಿದಳು. ಅವನು ಏನೋ ಹೇಳಿದ, ಅವಳು ನಕ್ಕಳು. ಯಾವುದಕ್ಕೆ ನಕ್ಕಳೋ. ನನ್ನ ತೋಳು ಸೋಲುತ್ತಿತ್ತು. ಹಿಡಿದೇ ನಿಂತೆ.

'ಗುರುವಾರ ಬರ್ತೀನಿ ಅಂತ ಸಿಂಧೂರಗ ಹೇಳಪಾ,' ಎಂದಳು. 'ನಾ ಮುಂದ ನಿಲ್ಲಂಗಿಲ್ಲ. ಆಕೀ ಕಲಿಸ್ಲಿ, ನಾ ಅವರ ಜೋಡಿ ನಿಲ್ತೀನಿ.'

ಅಕ್ಟೋಬರ್ ೧೬, ಗುರುವಾರ

ಆರಕ್ಕೆ ಮನೆಗೆ ಬಂದೆ. ರೇಣು ಹೊರಟುಹೋಗಿದ್ದಳು. ಹೆಂಗಸರ ತರಗತಿ, ನಾನು ಹೋಗುವ ಹಾಗಿಲ್ಲ. ಅವ್ವನಿಗೆ ಚಹಾ ಮಾಡಿಕೊಟ್ಟೆ, ಸಕ್ಕರೆ ಹೆಚ್ಚಾಯಿತು ಎಂದಳು. ಟಿವಿ ಹಾಕಿದೆ, ಆರಿಸಿದೆ. ಒಂಬತ್ತು ಹೆಂಗಸರ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸು ಪುಣೆಯಲ್ಲಿ ನಾನೊಬ್ಬನೇ ಇರಬೇಕು.

ಎಂಟಕ್ಕೆ ಸ್ವಲ್ಪ ಮೊದಲು ಬಂದಳು. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಬ್ಯಾಗು ಹೆಗಲ ಮೇಲೆ ಇರುವಾಗಲೇ ಬಾಗಿಲಲ್ಲಿ ನಿಂತು, 'ಅನ್ನಪೂರ್ಣಮ್ಮ ಇವತ್ತ ಬಿದ್ರು' ಎಂದಳು. ಯಾರದೋ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು ಎನ್ನುವ ಹಾಗೆ.

ಇದನ್ನು ನನಗೇ ಮೊದಲು ಹೇಳಿದಳೋ, ದಾರಿಯಲ್ಲಿ ಅಭಿಲಾಷನಿಗೆ ಹೇಳಿ ಬಂದಳೋ ಗೊತ್ತಿಲ್ಲ. ಕೇಳಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು.

'ಹೆಂಗ ಬಿದ್ರು?' ಎಂದು ಕೇಳಿದೆ.

ಅವಳು ಬ್ಯಾಗು ಕೆಳಗಿಟ್ಟು, ನನ್ನ ಕುರ್ಚಿ ಸರಿಸಿ ಜಾಗ ಮಾಡಿಕೊಂಡು, ಬಿದ್ದು ತೋರಿಸಿದಳು.